ಆಗಲ್ಲ, ಗೊತ್ತಿಲ್ಲ, ಹೊಣೆಯಲ್ಲ

'ಅನ್‌ಸಪೋರ್ಟೆಡ್' ಅನ್ನೋ ಪದವನ್ನು ಕನ್ನಡದಲ್ಲಿ ಹೇಳಿ ನೋಡಿ. ಒಂದು ವಾಕ್ಯದಲ್ಲಿ ಮುಗಿಯಲ್ಲ, ಕನಿಷ್ಠ ಮೂರು ಬೇಕಾಗುತ್ತೆ. 'ಇದು ಆಗಲ್ಲ' ಅನ್ನೋದು ಒಂದು. 'ಆಗುತ್ತೋ ಇಲ್ವೋ ನಮಗೆ ಗೊತ್ತಿಲ್ಲ' ಅನ್ನೋದು ಎರಡು. 'ಆದರೂ ಆಗದಿದ್ದರೂ ನಾವು ಹೊಣೆಯಲ್ಲ' ಅನ್ನೋದು ಮೂರು. ಮೂರೂ ಬೇರೆ ಬೇರೆ ಮಾತು. ಮೊದಲನೆಯದು ವಸ್ತುವಿನ ಬಗ್ಗೆ. ಎರಡನೆಯದು ಹೇಳುವವನ ತಿಳಿವಳಿಕೆಯ ಬಗ್ಗೆ. ಮೂರನೆಯದು ಹೇಳುವವನಿಗೂ ಕೇಳುವವನಿಗೂ ನಡುವೆ ಇರೋ ಒಪ್ಪಂದದ ಬಗ್ಗೆ.

ಕಲ್ಯಾಣ ಮಂಟಪದ ಪಾರ್ಕಿಂಗಿನಲ್ಲಿ 'ವಾಹನಗಳಿಗೆ ಮಾಲೀಕರೇ ಜವಾಬ್ದಾರರು' ಅಂತ ಬೋರ್ಡಿರುತ್ತೆ. ಅದನ್ನು ಓದಿ ಇಲ್ಲಿ ಗಾಡಿ ಖಂಡಿತ ಕಳುವಾಗುತ್ತೆ ಅಂತ ಯಾರೂ ತಿಳ್ಕೊಳ್ಳಲ್ಲ. ಹ್ಯಾಂಡಲ್ ಲಾಕ್ ಹಾಕಿ ಊಟಕ್ಕೆ ಹೋಗ್ತೀವಿ. ಅದು ಮೂರನೇ ಥರದ ಮಾತು ಅಂತ ನಮಗೆ ಗೊತ್ತು. ಆದರೆ ಅದೇ ಮಾತು ಕಂಪ್ಯೂಟರ್ ಪರದೆಯ ಮೇಲೆ 'ನಿಮ್ಮ ಹಾರ್ಡ್‌ವೇರಿಗೆ ಸಪೋರ್ಟ್ ಇಲ್ಲ' ಅಂತ ಬಂದ್ರೆ ಈ ತಿಳಿವಳಿಕೆ ಕೈ ಕೊಡುತ್ತೆ. ಭಯ ಇರೋರು ಅದನ್ನು 'ಆಗಲ್ಲ' ಅಂತ ಓದ್ಕೊಳ್ತಾರೆ. ಹುಂಬರು 'ಏನೂ ಆಗಲ್ಲ ಬಿಡು' ಅಂತ ಓದ್ಕೊಳ್ತಾರೆ.

ಮೂರು ಮಾತನ್ನು ಒಂದೇ ಪದದಲ್ಲಿ ಸುತ್ತಿ ಕೊಡೋದು ಸರಿಯಾ? ಕೊಟ್ಟದ್ದನ್ನು ನಮಗೆ ಅನುಕೂಲ ಆಗೋ ಹಾಗೆ ಬಿಚ್ಕೊಳ್ಳೋದು ಸರಿಯಾ? ತಾಂತ್ರಿಕ ಪ್ರಶ್ನೆ ಥರ ಕಾಣುತ್ತೆ, ಆದರೆ ನನಗೆ ಇದು ನೀತಿಯ ಪ್ರಶ್ನೆ ಅನ್ನಿಸುತ್ತೆ. ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನ ಮೇಲೆ ಹೈಪರ್‌ವೈಸರ್ ಹಾಕೋಕೆ ಹೊರಟವರಿಗೆ ಇದು ಬೇಗ ತಟ್ಟುತ್ತೆ. ಅಲ್ಲಿ ಈ ಮೂರೂ ಮಾತು ಒಂದೇ ರಾತ್ರಿ ಎದುರಾಗುತ್ತವೆ.

ಹೈಪರ್‌ವೈಸರ್ ಅಂದ್ರೆ ಒಂದೇ ಕಂಪ್ಯೂಟರನ್ನು ಹತ್ತು ಕಂಪ್ಯೂಟರಾಗಿ ಬಾಡಿಗೆಗೆ ಕೊಡೋ ವಠಾರದ ಓನರ್ ಅಂದ್ಕೊಳ್ಳಿ. ಪ್ರತಿ ಬಾಡಿಗೆದಾರನಿಗೂ ಇಡೀ ಮನೆ ತನ್ನದೇ ಅನ್ನಿಸಬೇಕು. ಆದರೆ ನೀರಿನ ವಾಲ್ವು, ಮೀಟರ್ ಬೋರ್ಡು ಓನರ್ ಕೈಯಲ್ಲೇ ಇರಬೇಕು. ನಾವು ದಿನಾ ಬಳಸೋ ಕ್ಲೌಡ್ ನಿಂತಿರೋದು ಹೆಚ್ಚುಕಮ್ಮಿ ಇದರ ಮೇಲೇ. ಕಂಪನಿಗಳು ಇದನ್ನು ಹಾಕೋದು ಲಕ್ಷಗಟ್ಟಲೆ ಬೆಲೆಯ ಸರ್ವರುಗಳ ಮೇಲೆ. ನಮ್ಮಂಥವರು ಕಲಿಯೋಕೆ, ಪ್ರಯೋಗ ಮಾಡೋಕೆ ಹಾಕೋದು ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ ತಂದ ಬಿಡಿಭಾಗಗಳ ಮೇಲೆ: ಗೇಮ್ ಆಡೋರಿಗೆ ಅಂತ ಮಾಡಿದ ಮದರ್‌ಬೋರ್ಡು, ಮಾಮೂಲಿ ರ್‍ಯಾಮು, ಯಾವುದೋ ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಎಸ್ಎಸ್‌ಡಿ. ಪೆನ್‌ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಶುರು ಮಾಡಿದ್ರೆ ಅರ್ಧ ದಾರಿಯಲ್ಲಿ ನಿಲ್ಲುತ್ತೆ. ವಿಎಂವೇರ್‌ನ ಇಎಸ್‌ಎಕ್ಸ್‌ಐ ಆದ್ರೆ ನೇರಳೆ ಬಣ್ಣದ ಪರದೆ ಬಂದು, ಬಿಳಿ ಅಕ್ಷರದಲ್ಲಿ ಏನೇನೋ ಬರೆದು ಸುಮ್ಮನಾಗುತ್ತೆ.

ಆ ನಿಲುಗಡೆಗಳೆಲ್ಲ ಒಂದೇ ಜಾತಿಯವಲ್ಲ. ಎಕ್ಸ್86 ಚಿಪ್ಪಿಗೆ ಬರೆದ ಇನ್‌ಸ್ಟಾಲರನ್ನು ಎಆರ್‌ಎಂ ಚಿಪ್ಪಿನ ಪುಟ್ಟ ಬೋರ್ಡಿಗೆ ಹಾಕಿದ್ರೆ ಓಡಲ್ಲ. ಎರಡರ ಆದೇಶಗಳ ಭಾಷೆಯೇ ಬೇರೆ. ಇದು ಶುದ್ಧ 'ಆಗಲ್ಲ'. ಇಲ್ಲಿ ಯಾರ ಮೇಲೂ ಸಿಟ್ಟಾಗೋಕೆ ಏನಿಲ್ಲ.

ನೆಟ್‌ವರ್ಕ್ ಚಿಪ್ಪಿನ ಕಥೆ ಬೇರೆ. ಕಡಿಮೆ ಬೆಲೆಯ ಎಷ್ಟೋ ಮದರ್‌ಬೋರ್ಡುಗಳಲ್ಲಿ ಇರೋದು ರಿಯಲ್‌ಟೆಕ್ ಚಿಪ್ಪು. 2013ರಲ್ಲಿ ಬಂದ ಇಎಸ್‌ಎಕ್ಸ್‌ಐ 5.5ರ ಇನ್‌ಸ್ಟಾಲರಿನಿಂದ ಅದರ ಡ್ರೈವರುಗಳನ್ನು ತೆಗೆದುಹಾಕಿದರು. ಆಸಕ್ತರು ಡ್ರೈವರನ್ನು ತಾವೇ ಸೇರಿಸ್ಕೊಂಡು ಓಡಿಸ್ತಾ ಇದ್ದರು. 2020ರಲ್ಲಿ ಬಂದ 7.0 ಆವೃತ್ತಿಯಲ್ಲಿ, ಹಳೇ ಲಿನಕ್ಸ್ ಮಾದರಿಯ ಡ್ರೈವರುಗಳಿಗೆ ಜಾಗ ಕೊಡ್ತಿದ್ದ ಒಳಪದರವನ್ನೇ ಕಿತ್ತುಹಾಕಿದರು. ಸೇರಿಸ್ಕೊಳ್ಳೋ ದಾರಿಯೂ ಮುಚ್ಚಿತು. ಅಂಥ ಬೋರ್ಡಿನಲ್ಲಿ 'ನೆಟ್‌ವರ್ಕ್ ಅಡಾಪ್ಟರ್ ಕಾಣ್ತಿಲ್ಲ' ಅಂತ ಹೇಳಿ ಇನ್‌ಸ್ಟಾಲರ್ ನಿಂತುಬಿಡುತ್ತೆ. ಅದೇ ಬೋರ್ಡಿಗೆ ಲಿನಕ್ಸ್ ಕೆವಿಎಂ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್ ಹಾಕಿದ್ರೆ ಸಾಮಾನ್ಯವಾಗಿ ಚಿಪ್ಪು ತಕರಾರಿಲ್ಲದೆ ಕೆಲಸ ಮಾಡುತ್ತೆ. ಅಂದ್ರೆ ಇಲ್ಲಿ ಕಾಣೋ 'ಆಗಲ್ಲ' ಚಿಪ್ಪಿನ ಸ್ವಭಾವದಿಂದ ಬಂದದ್ದಲ್ಲ, ಯಾರೋ ಒಂದು ಮೀಟಿಂಗಿನಲ್ಲಿ ಕೂತು ತೀರ್ಮಾನಿಸಿದ್ದರಿಂದ ಬಂದದ್ದು. ನಿಜವಾಗಿ ಅದು 'ಇನ್ಮೇಲೆ ಇದರ ಹೊಣೆ ಹೊರಲ್ಲ' ಅನ್ನೋ ಮಾತು. ವೇಷ ಮಾತ್ರ 'ಆಗಲ್ಲ' ಅನ್ನೋದರದ್ದು.

ಮೂರನೆಯದು ಇನ್ನೂ ಸೂಕ್ಷ್ಮ. 2021ರ ಕೊನೆಗೆ ಇಂಟೆಲ್‌ನ 12ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು ಬಂದವು. ಒಂದೇ ಚಿಪ್ಪಿನೊಳಗೆ ಎರಡು ಥರದ ಕೋರ್‌ಗಳು: ಭಾರ ಎಳೆಯೋಕೆ ದೊಡ್ಡವು, ಕರೆಂಟು ಉಳಿಸೋಕೆ ಚಿಕ್ಕವು. ಐ5-12600ಕೆ ಅನ್ನೋದರಲ್ಲಿ 6 ದೊಡ್ಡವು, 4 ಚಿಕ್ಕವು. ದೊಡ್ಡ ಕೋರ್ ಒಂದೊಂದೂ ಏಕಕಾಲಕ್ಕೆ ಎರಡು ದಾರ ನೇಯುತ್ತೆ, ಚಿಕ್ಕದು ಒಂದೇ. ಇಎಸ್‌ಎಕ್ಸ್‌ಐ ಬೂಟ್ ಆಗೋವಾಗ ಎಲ್ಲ ಕೋರ್‌ಗಳೂ ಒಂದೇ ಥರ ಇವೆಯಾ ಅಂತ ಪರೀಕ್ಷಿಸುತ್ತೆ. ಬಾಡಿಗೆದಾರನನ್ನು ಈ ಕೋಣೆಯಿಂದ ಆ ಕೋಣೆಗೆ ಎತ್ತಿ ಹಾಕ್ತಾ ಇರೋದೇ ಅದರ ಕೆಲಸ. ಕೋಣೆಗಳು ಒಂದೇ ಅಳತೆಯವು ಅಂತ ನಂಬಿ ಬರೆದ ತಂತ್ರಾಂಶ ಅದು. ಅಳತೆ ಹೊಂದದಿದ್ರೆ ಹಾರ್ಡ್‌ವೇರ್ ಹೊಂದಾಣಿಕೆ ಇಲ್ಲ, ಶುರು ಮಾಡೋಕಾಗಲ್ಲ ಅಂತ ಹೇಳಿ ನೇರಳೆ ಪರದೆ ಹಾಕುತ್ತೆ.

ಇದನ್ನು ದಾಟೋಕೆ ದಾರಿ ಇದೆ. ಬೂಟ್ ಶುರುವಾಗೋವಾಗ ಶಿಫ್ಟ್ ಜೊತೆ 'ಓ' ಒತ್ತಿ, ಕೋರ್‌ಗಳ ಸಮಾನತೆಯ ಪರೀಕ್ಷೆಯಲ್ಲಿ ಸೋತರೆ ನಿಲ್ಲಬೇಡ ಅಂತ ಒಂದು ಸಾಲು ಸೇರಿಸಿದ್ರೆ ಆಯಿತು. ಯಂತ್ರ ಮುಂದೆ ಹೋಗುತ್ತೆ, ಎಷ್ಟೋ ಜನರ ಮನೆಯಲ್ಲಿ ಚೆನ್ನಾಗೇ ಓಡುತ್ತೆ. ಹಾಗಿದ್ರೆ ಪರದೆ ಸುಳ್ಳು ಹೇಳಿತಾ? ಇಲ್ಲ. ಅದು ಹೇಳಿದ್ದು ಎರಡನೇ ಮಾತು: 'ಇಂಥ ಕಡೆ ನಾನು ಸರಿಯಾಗಿ ನಡ್ಕೊಳ್ತೀನೋ ಇಲ್ವೋ ನನಗೆ ಖಾತ್ರಿ ಇಲ್ಲ, ಅದಕ್ಕೇ ನಿಂತೆ.'

'ಗೊತ್ತಿಲ್ಲ' ಅನ್ನೋದನ್ನು 'ಆಗಲ್ಲ' ಅಂತ ಓದ್ಕೊಂಡಿದ್ರೆ ಇವತ್ತು ನಾವು ಬಳಸೋ ಹೈಪರ್‌ವೈಸರುಗಳೇ ಇರ್ತಿರಲಿಲ್ಲವೇನೋ. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಯಾವ ಯಂತ್ರವನ್ನು ಹೀಗೆ ವಠಾರ ಮಾಡಬಹುದು ಅಂತ ಗಣಿತದ ಭಾಷೆಯಲ್ಲಿ ಹೇಳಿದ ಪ್ರಬಂಧ. ಅದರ ಸಾರ ಇಷ್ಟು: ಬಾಡಿಗೆದಾರ ವಾಲ್ವಿಗೆ ಕೈ ಹಾಕಿದಾಗೆಲ್ಲ ಓನರ್ ಮನೆ ಗಂಟೆ ಹೊಡ್ಕೊಂಡ್ರೆ, ಆ ಯಂತ್ರದ ಮೇಲೆ ಹೈಪರ್‌ವೈಸರ್ ಕಟ್ಟಬಹುದು. ನಮ್ಮ ನಿಮ್ಮ ಮೇಜಿನ ಮೇಲಿದ್ದ ಎಕ್ಸ್86 ಚಿಪ್ಪು ಈ ಲೆಕ್ಕಕ್ಕೆ ಸಿಗ್ತಿರಲಿಲ್ಲ. ಅದರಲ್ಲಿ ಕೆಲವು ಆದೇಶಗಳು ಗಂಟೆ ಹೊಡೀದೆ, ಸದ್ದಿಲ್ಲದೆ ತಪ್ಪು ಕೆಲಸ ಮಾಡಿ ಸುಮ್ಮನಾಗ್ತಿದ್ದವು. 2000ದಲ್ಲಿ ಬಂದ ಒಂದು ಅಧ್ಯಯನ ಪೆಂಟಿಯಂನಲ್ಲಿ ಇಂಥ 17 ಆದೇಶಗಳನ್ನು ಎಣಿಸಿ ತೋರಿಸಿತು.

ಆದರೆ ಅಷ್ಟರೊಳಗೆ ಕೆಲಸ ಆಗಿಹೋಗಿತ್ತು. 1998ರಲ್ಲಿ ಶುರುವಾದ ವಿಎಂವೇರ್, 1999ರಲ್ಲೇ ಎಕ್ಸ್86 ಮೇಲೆ ಓಡೋ ತನ್ನ ಮೊದಲ ಉತ್ಪನ್ನ ತಂದಿತ್ತು. ಬಾಡಿಗೆದಾರನ ಅಪಾಯದ ಆದೇಶಗಳನ್ನು ಮೊದಲೇ ಓದಿ, ತಿದ್ದಿ ಬರೆದು, ಆಮೇಲೆ ಓಡಿಸೋ ಉಪಾಯ ಅವರದ್ದು. ಚಿಪ್ಪಿನೊಳಗೇ ಇದಕ್ಕೆ ಬೇಕಾದ ಸೌಕರ್ಯವನ್ನು ಇಂಟೆಲ್ ಕೊಟ್ಟಿದ್ದು 2005ರಲ್ಲಿ, ಎಎಂಡಿ 2006ರಲ್ಲಿ. ಇವತ್ತು ನಮ್ಮ ಬೋರ್ಡುಗಳನ್ನು ಪಟ್ಟಿಯಲ್ಲಿಲ್ಲ ಅನ್ನೋ ತಂತ್ರಾಂಶ, ಹುಟ್ಟಿದ್ದೇ ಇಂಥ ಕೆಲಸಕ್ಕೆ ಅಂತ ಮಾಡಿರದ ಹಾರ್ಡ್‌ವೇರಿನ ಮೇಲೆ.

ಇದನ್ನು ಹೇಳ್ತಿರೋದು ಕಂಪನಿಯನ್ನು ಚುಚ್ಚೋಕಲ್ಲ. ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 'ಹೀಗಿದ್ರೆ ಆಗುತ್ತೆ' ಅಂದಿದ್ದರು. 'ಹೀಗಿಲ್ಲದಿದ್ರೆ ಯಾವ ಉಪಾಯದಿಂದಲೂ ಆಗಲ್ಲ' ಅಂದಿರಲಿಲ್ಲ. ಎರಡು ವಾಕ್ಯಗಳ ನಡುವೆ ಇದ್ದ ಸಂದಿಯಲ್ಲೇ ಒಂದು ಇಡೀ ಉದ್ಯಮ ಬೆಳೀತು.

ಈ ಸಂದಿಯನ್ನು ನಮ್ಮ ಹಳೇ ತರ್ಕಶಾಸ್ತ್ರದವರು ಚೆನ್ನಾಗಿ ಕಂಡಿದ್ದರು. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ 'ಅನುಪಲಬ್ಧಿ' ಅನ್ನೋದನ್ನು ಒಂದು ಪ್ರಮಾಣ ಅಂತ ಒಪ್ತಾರೆ. ಅಂದ್ರೆ ಕಾಣದೇ ಇರೋದರಿಂದಲೂ ಒಂದು ತಿಳಿವಳಿಕೆ ಹುಟ್ಟುತ್ತೆ. ಕೋಣೆಯೊಳಗೆ ನೋಡಿದೆ, ಮಡಕೆ ಕಾಣಲಿಲ್ಲ, ಆದ್ದರಿಂದ ಮಡಕೆ ಇಲ್ಲ. ಆದರೆ ಅದಕ್ಕೊಂದು ಷರತ್ತಿದೆ. ಮಡಕೆ ಇದ್ದಿದ್ರೆ ಕಾಣಲೇಬೇಕಾದಂಥ ಸ್ಥಿತಿ ಇರಬೇಕು. ಕತ್ತಲೆ ಕೋಣೆಯಲ್ಲಿ ಇಣುಕಿ 'ಕಾಣಲಿಲ್ಲ, ಹಾಗಾಗಿ ಇಲ್ಲ' ಅನ್ನೋ ಹಾಗಿಲ್ಲ. ದೀಪ ಹಚ್ಚಿ ನೋಡಿದವನಿಗೆ ಮಾತ್ರ ಆ ಮಾತಿನ ಹಕ್ಕು.

ಹೊಂದಾಣಿಕೆ ಪಟ್ಟಿಗೂ ಇದೇ ಷರತ್ತು. ಪಟ್ಟಿ ಮಾಡಿದವರು ಈ ಬೋರ್ಡನ್ನು ತಂದು, ಪರೀಕ್ಷಿಸಿ, ಸೋತು ಹೊರಗಿಟ್ಟಿದ್ರೆ 'ಪಟ್ಟಿಯಲ್ಲಿಲ್ಲ' ಅನ್ನೋದು ತಿಳಿವಳಿಕೆ. ಬೋರ್ಡನ್ನು ಕಣ್ಣಲ್ಲೂ ನೋಡದೆ ಹೊರಗಿಟ್ಟಿದ್ರೆ ಅದು ಬರೀ ಕತ್ತಲೆ. ತೊಂದರೆ ಏನಂದ್ರೆ, ಹೊರಗೆ ನಿಂತವನಿಗೆ ಎರಡೂ ಒಂದೇ ಥರ ಕಾಣುತ್ತೆ.

ಹಾಗಂತ ಪಟ್ಟಿ ಮಾಡೋರನ್ನು ಖಳರನ್ನಾಗಿ ಮಾಡೋಕೆ ನನಗೆ ಮನಸ್ಸಿಲ್ಲ. ಬೋರ್ಡು ನೂರಾರು, ಪ್ರತಿ ಬೋರ್ಡಿಗೂ ಹತ್ತಾರು ಬಯೋಸ್ ಆವೃತ್ತಿ, ಅದಕ್ಕೆ ಗುಣಿಸು ನೆಟ್‌ವರ್ಕ್ ಚಿಪ್ಪು, ಡಿಸ್ಕ್ ಕಂಟ್ರೋಲರು. ಒಂದನ್ನು ಪಟ್ಟಿಗೆ ಸೇರಿಸೋದು ಅಂದ್ರೆ ಇವತ್ತು ಓಡಿತು ಅನ್ನೋದಷ್ಟೇ ಅಲ್ಲ, ಮುಂದೆ ವರ್ಷಗಟ್ಟಲೆ ಯಾವ ರಾತ್ರಿ ಕೆಟ್ಟರೂ ಉತ್ತರ ಕೊಡ್ತೀನಿ ಅನ್ನೋ ಮಾತು. ಬ್ಯಾಂಕು, ಆಸ್ಪತ್ರೆಗಳು ದುಡ್ಡು ಕೊಟ್ಟು ಕೊಳ್ಳೋದು ಆ ಮಾತನ್ನು. ಎಲ್ಲರಿಗೂ ಮಾತು ಕೊಡೋನು ಯಾರಿಗೂ ಮಾತು ಉಳಿಸ್ಕೊಳ್ಳಲ್ಲ. ಹಾಗಾಗಿ ಪಟ್ಟಿ ಚಿಕ್ಕದಾಗಿರೋದು ಅಪ್ರಾಮಾಣಿಕತೆ ಅಲ್ಲ. ಹೊರಗಿಟ್ಟದ್ದು ಯಾಕೆ ಅಂತ ಹೇಳದೇ ಇರೋದು ಮಾತ್ರ ಬಾಕಿ ಉಳಿದ ಸಾಲ.

ನೇರಳೆ ಪರದೆಯ ಪರವಾಗಿಯೂ ಒಂದು ಮಾತು ಆಡಬೇಕು. ನಿಂತುಬಿಡೋ ಯಂತ್ರ ಮರ್ಯಾದಸ್ಥ ಯಂತ್ರ. ಮುಖದ ಮೇಲೆ 'ಆಗಲ್ಲ ಮಾರಾಯ' ಅನ್ನೋನು, ಹೂಂಗುಟ್ಟಿ ಕೊನೇ ಗಳಿಗೆಯಲ್ಲಿ ಕೈ ಕೊಡೋನಿಗಿಂತ ವಾಸಿ. ಮನೆಯಲ್ಲಿ ಜೋಡಿಸಿದ ಯಂತ್ರದ ನಿಜವಾದ ಅಪಾಯ ಕ್ರ್ಯಾಶ್ ಅಲ್ಲ. ಸರ್ವರಿನಲ್ಲಿರೋ ಇಸಿಸಿ ರ್‍ಯಾಮು ಒಂದು ಬಿಟ್ ತಿರುಗಿಬಿದ್ದರೆ ತಾನೇ ಹಿಡಿದು ಸರಿಪಡಿಸುತ್ತೆ. ಮಾಮೂಲಿ ರ್‍ಯಾಮಿನಲ್ಲಿ ಸೊನ್ನೆ ಒಂದಾದ್ರೂ ಹೇಳೋರಿಲ್ಲ. ಅದು ಕೆಟ್ಟ ಜಾಗದಲ್ಲಿ ಆದ್ರೆ ಕ್ರ್ಯಾಶ್, ನಮ್ಮ ಪುಣ್ಯ. 'ಒಳ್ಳೇ' ಜಾಗದಲ್ಲಿ ಆದ್ರೆ ಒಂದು ಫೈಲು ಸದ್ದಿಲ್ಲದೆ ಹಾಳಾಗಿ, ಆ ಹಾಳೇ ಬ್ಯಾಕಪ್ಪಿಗೂ ಹೋಗಿ ಕೂರುತ್ತೆ. ನಿಲ್ಲಬೇಡ ಅಂತ ಸಾಲು ಸೇರಿಸಿದಾಗ ನಾವು ತೊಂದರೆಯನ್ನು ತೆಗೆದಿರಲ್ಲ, ಅದರ ಬಾಯಿ ಮುಚ್ಚಿರ್ತೀವಿ ಅಷ್ಟೆ. ಅಲ್ಲಿಂದ ಮುಂದೆ ಕಾವಲು ನಮ್ಮದು.

ಬಾಯಿ ಮುಚ್ಚಿಸೋದು ತಪ್ಪಾ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಊರಿನ ಬೋರ್‌ವೆಲ್ ಹತ್ತಿರ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ. ಅದು ಹೋದ ಮೇಲೂ ನೀರು ಹಾಯಿಸಬೇಕಲ್ಲ. ಸ್ಟಾರ್ಟರ್ ಪಕ್ಕದಲ್ಲಿ ಕೆಪಾಸಿಟರ್ ಇರೋ ಒಂದು ಡಬ್ಬಿ ಕೂರಿಸಿ, ಉಳಿದ ಫೇಸಿನಲ್ಲೇ ತ್ರೀ ಫೇಸ್ ಮೋಟಾರ್ ತಿರುಗಿಸ್ತಾರೆ. ಕನ್ವರ್ಟರ್ ಅಂತಾರೆ ಅದಕ್ಕೆ. ಮೋಟಾರ್ ಕಂಪನಿಯ ಲೆಕ್ಕದಲ್ಲಿ ಇದು ಅನ್‌ಸಪೋರ್ಟೆಡ್, ವಿದ್ಯುತ್ ಇಲಾಖೆಯವರ ಲೆಕ್ಕದಲ್ಲಿ ಹಾಕಲೇಬಾರದ್ದು. ಆದರೂ ಹಾಕ್ತಾರೆ. ಒಣಗ್ತಿರೋ ತೋಟ ಇಟ್ಕೊಂಡೋನಿಗೆ ಪಟ್ಟಿ ತೋರಿಸಿ ಪ್ರಯೋಜನ ಇಲ್ಲ.

ಮೋಟಾರ್ ಬಿಸಿಯಾಗಿ ವೈಂಡಿಂಗ್ ಸುಟ್ಟರೆ ಅದು ಅವನ ನಷ್ಟ. ಅವನಿಗೆ ಗೊತ್ತಿದ್ದೇ ಮಾಡಿದ್ದು, ದುಡ್ಡು ಕೊಟ್ಟು ಮತ್ತೆ ಸುತ್ತಿಸ್ತಾನೆ. ಇದರಲ್ಲಿ ನೀತಿ ಹೇಳೋಕೆ ನಮಗೇನೂ ಹಕ್ಕಿಲ್ಲ. ಆದರೆ ಒಂದೇ ಟಿಸಿಯ ಮೇಲಿರೋ ಹತ್ತು ಜನ ಹೀಗೇ ಮಾಡಿದ್ರೆ ಲೋಡು ಒಂದೇ ಕಡೆ ವಾಲಿ ಟಿಸಿಯೇ ಸುಟ್ಟುಹೋಗುತ್ತೆ. ಆಗ ಕನ್ವರ್ಟರ್ ಹಾಕದೇ ಇದ್ದ ಹನ್ನೊಂದನೆಯವನ ಬೆಳೆಯೂ ಒಣಗುತ್ತೆ. ಅವನನ್ನು ಯಾರೂ ಕೇಳಿರಲಿಲ್ಲ. ಗೆರೆ ಇರೋದು ಅಲ್ಲಿ ಅಂತ ನನ್ನ ಲೆಕ್ಕ. ಸುಟ್ಟರೆ ನನ್ನ ಮೋಟಾರು ಮಾತ್ರ ಸುಡುತ್ತೆ ಅನ್ನೋ ತನಕ ನನ್ನ ಇಷ್ಟ. ಟಿಸಿ ಸುಡಬಹುದು ಅಂತಾದಾಗ ಹನ್ನೊಂದನೆಯವನಿಗೆ ಹೇಳಲೇಬೇಕು.

ಮನೆಯ ಹೈಪರ್‌ವೈಸರಿಗೂ ಒಂದು ಟಿಸಿ ಇರುತ್ತೆ. ಅದರ ಮೇಲೆ ನನ್ನ ಪ್ರಯೋಗಗಳಷ್ಟೇ ಇರೋವರೆಗೆ ಅದು ಆಟ. ಮನೆಯವರ ಹತ್ತು ವರ್ಷದ ಫೋಟೋ ಅದರೊಳಗೆ ಹೋದ ದಿನ ಆಟ ಮುಗೀತು. ನಿನ್ನೆವರೆಗೆ ನಾನು ಬಳಕೆದಾರ. ಇವತ್ತಿಂದ ಮನೆಯವರ ಪಾಲಿಗೆ ನಾನೇ ಕಂಪನಿ. ಪಟ್ಟಿ ಮಾಡೋ ಜಾಗಕ್ಕೆ ನಾನು ಬಂದೆ. ಈಗ ಮೂರು ಮಾತನ್ನು ಬಿಡಿಸಿ ಹೇಳೋ ಸಾಲ ನನ್ನ ತಲೆ ಮೇಲೆ.

ಬಿಡಿಸಿ ಹೇಳೋಕೆ ಮೊದಲು ನನಗೇ ಗೊತ್ತಿರಬೇಕಲ್ಲ? ಕ್ರ್ಯಾಶ್ ಹುಡುಕೋ ಕೆಲಸದ ಶಿಸ್ತು ನನಗೆ ಬರೀ ಕಸುಬು ಅನ್ನಿಸದೇ ಇರೋದು ಇಲ್ಲಿ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇದೆಯಾ ನೋಡು. ರ್‍ಯಾಮಿನ ವೇಗ ಹೆಚ್ಚಿಸೋ ಎಕ್ಸ್‌ಎಂಪಿ ಆಫ್ ಮಾಡಿ, ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸು. ಪೆನ್‌ಡ್ರೈವ್ ಬದಲಿಸು. ಹೆಚ್ಚುವರಿ ಕಾರ್ಡುಗಳನ್ನು ಕಿತ್ತಿಡು. ಚಿಕ್ಕ ಕೋರ್‌ಗಳನ್ನು ಆಫ್ ಮಾಡಿ ನೋಡು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಡು. ಇದು ಬೇಸರದ ಕೆಲಸ. ರಾತ್ರಿ ಒಂದು ಗಂಟೆಗೆ ಐದನ್ನೂ ಒಟ್ಟಿಗೆ ಬದಲಿಸಿಬಿಡೋಣ ಅನ್ನಿಸುತ್ತೆ. ಬದಲಿಸಿದ್ರೆ ಓಡಲೂಬಹುದು. ಆದರೆ ಐದು ದೇವರಿಗೆ ಹರಕೆ ಹೊತ್ತ ಮೇಲೆ ಮಳೆ ಬಂದ್ರೆ ಯಾವ ದೇವರಿಗೆ ಸಲ್ಲಿಸೋದು? ಯಂತ್ರ ಓಡುತ್ತೆ, ಯಾಕೆ ಓಡ್ತಿದೆ ಅಂತ ಗೊತ್ತಿರಲ್ಲ. ನಾಳೆ ಯಾಕೆ ನಿಂತಿತು ಅಂತಲೂ ಗೊತ್ತಾಗಲ್ಲ.

ಆಮೇಲೆ ಆಫೀಸಿನಲ್ಲಿ ಟೀ ಕುಡೀತಾ ಯಾರೋ ಕೇಳ್ತಾರೆ, 'ಆ ಬೋರ್ಡಲ್ಲಿ ಓಡುತ್ತಾ?' 'ನಂದ್ರಲ್ಲಿ ಓಡ್ತಿದೆ' ಅಂತೀವಿ. ಸುಳ್ಳಲ್ಲ. ಆದರೆ ಎಷ್ಟು ದಿನದಿಂದ, ಎಷ್ಟು ಲೋಡಿನಲ್ಲಿ, ಕರೆಂಟು ಹೋಗಿ ಬಂದ ಮೇಲೂ ಓಡಿತಾ, ಇದ್ಯಾವುದನ್ನೂ ಹೇಳಿರಲ್ಲ. ಕೇಳಿದವನು ಆ ಮಾತಿನ ಮೇಲೆ ಮೂವತ್ತು ನಲವತ್ತು ಸಾವಿರ ಸುರೀತಾನೆ. ಕಂಪನಿ 'ಗೊತ್ತಿಲ್ಲ' ಅನ್ನೋದನ್ನು 'ಆಗಲ್ಲ' ಅಂದಂಗೆ, ನಾವು 'ಗೊತ್ತಿಲ್ಲ' ಅನ್ನೋದನ್ನು 'ಆಗುತ್ತೆ' ಅಂದ್ವಿ. ದೀಪ ಹಚ್ಚದೆ ಮಾತಾಡಿದ್ದು ಇಬ್ಬರೂ.

ಇಷ್ಟು ಓದೋ ಹೊತ್ತಿಗೆ ನಿಮಗೊಂದು ಹೋಲಿಕೆ ಹೊಳೆದಿರುತ್ತೆ: ನಾವೂ ಒಂಥರಾ ಅನ್‌ಸಪೋರ್ಟೆಡ್ ಹಾರ್ಡ್‌ವೇರೇ ಅಲ್ವಾ? ಹಳ್ಳಿ ಶಾಲೆ, ಕನ್ನಡ ಮೀಡಿಯಂ, ಎಸ್.ಪಿ. ರೋಡಿನ ಬಿಡಿಭಾಗದ ಥರ ಅಲ್ಲಲ್ಲಿ ಜೋಡಿಸ್ಕೊಂಡ ಇಂಗ್ಲಿಷು. ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಮುರಿಯುತ್ತೆ. ನನ್ನ ಜೊತೆ ಬಿಇ ಓದಿದ ಒಬ್ಬನಿಗೆ ಪಿಯುಸಿಯಲ್ಲಿ 58 ಪರ್ಸೆಂಟ್. ಕ್ಯಾಂಪಸ್ಸಿಗೆ ಬಂದ ಕಂಪನಿ ಎಸ್ಸೆಸ್ಸೆಲ್ಸಿಯಿಂದ ಬಿಇವರೆಗೆ ಎಲ್ಲದರಲ್ಲೂ 60 ಕೇಳಿತ್ತು. ಅವನನ್ನು ಪರೀಕ್ಷೆಗೇ ಕೂರಿಸಲಿಲ್ಲ. ಸಾವಿರಾರು ಅರ್ಜಿ ಬಂದಾಗ ಎಲ್ಲೋ ಒಂದು ಕಡೆ ಗೆರೆ ಎಳೀಬೇಕು, ಒಪ್ಪೋಣ. ಆದರೆ ಇವತ್ತಿಗೂ ಅವನು ಆ ದಿನದ ಬಗ್ಗೆ ಹೇಳೋದು 'ನಾನು ಫೇಲ್ ಆದೆ' ಅಂತಲೇ. ಅವನು ಆ ಪರೀಕ್ಷೆ ಬರೆದೇ ಇಲ್ಲ.

ಬೋರ್ಡಿಗೆ ಈ ತೊಂದರೆ ಇಲ್ಲ. ಪಟ್ಟಿಯಿಂದ ಹೊರಗಿಟ್ಟರೆ ಅದು ನೊಂದ್ಕೊಳ್ಳಲ್ಲ, 'ನನ್ನ ಕೈಲಿ ಆಗಲ್ಲ' ಅಂತ ನಂಬಿ ನಿಧಾನ ಓಡಲ್ಲ. ಮನುಷ್ಯ ಹಾಗಲ್ಲ. ನೋಡಿಲ್ಲ ಅಂದಿದ್ದನ್ನು ನೀನು ಸೋತೆ ಅಂತ ಕೇಳಿಸ್ಕೊಳ್ತಾನೆ, ಕೇಳಿಸ್ಕೊಂಡಂತೆ ಆಗ್ತಾ ಹೋಗ್ತಾನೆ. ಹಾಗಾಗಿ ಯಂತ್ರದ ಪಟ್ಟಿ ಮಾಡೋನಿಗಿಂತ ಮನುಷ್ಯರ ಪಟ್ಟಿ ಮಾಡೋನ ಸಾಲ ದೊಡ್ಡದು. ಓದ್ತಿರೋರಲ್ಲಿ ಎಷ್ಟೋ ಜನ ಈಗ ಇಂಟರ್‌ವ್ಯೂ ಪ್ಯಾನೆಲ್ಲಿನಲ್ಲಿ ಕೂರೋರು. ರೆಸ್ಯೂಮೆ ಪಕ್ಕಕ್ಕಿಟ್ಟಾಗ 'ನಾವು ನಿಮ್ಮನ್ನು ಪರೀಕ್ಷಿಸಿಲ್ಲ' ಅಂತ ಒಂದು ಸಾಲು ಬರೆದು ಕಳಿಸೋಕೆ ಖರ್ಚೇನೂ ಇಲ್ಲ.

ಮೂರು ಮಾತನ್ನೂ ಬಿಡಿಸಿ ಹೇಳಿದ್ರೆ ಏನಾಗುತ್ತೆ? ಕೇಳೋನಿಗೆ ಅದೇನೂ ಹಿತವಾಗಿರಲ್ಲ. ಊರಿನ ಗೆಳೆಯನೊಬ್ಬ ತಾಲ್ಲೂಕು ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಕೊಂಡಿದ್ದಾನೆ. ಸುತ್ತಲ ಹಳ್ಳಿಗಳ ಇನ್ನೂರು ಮುನ್ನೂರು ರೈತರ ಉದ್ರಿ ಲೆಕ್ಕ ಅವನ ಟ್ಯಾಲಿಯೊಳಗಿದೆ. ಫಸಲು ಬಂದ ಮೇಲೆ ತೀರಿಸೋ ಲೆಕ್ಕ ಅದು, ಅಳಿಸಿಹೋದ್ರೆ ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನೋದೇ ಹೋಯಿತು. ಮೊನ್ನೆ ಫೋನ್ ಮಾಡಿದ್ದ.

'ಲೋ, ನಿನ್ ಮನೇಲಿ ದೊಡ್ಡ ಮಿಷನ್ ಇಟ್ಟಿದೀಯಂತಲ್ಲ, ನಮ್ ಟ್ಯಾಲೀನ ಅದ್ರೊಳಗೆ ಇಟ್ಕೊಳ್ಳೋ. ಕ್ಲೌಡ್‌ನೋರಿಗೆ ತಿಂಗ್ಳು ತಿಂಗ್ಳು ಬಾಡಿಗೆ ಯಾರ್ ಕಟ್ತಾರೆ.'

ನಾನು ಹೇಳಿದೆ: 'ಎರಡು ತಿಂಗಳಿಂದ ನಿಲ್ಲದೆ ಓಡಿದೆ, ರ್‍ಯಾಮ್ ಪರೀಕ್ಷೆ ಮಾಡಿದ್ದೀನಿ. ಇಷ್ಟು ನೋಡಿದ್ದು. ಲೋಡ್ ಇರೋವಾಗ ದಿಢೀರ್ ಕರೆಂಟ್ ಹೋದ್ರೆ ಡಿಸ್ಕಿಗೆ ಏನಾಗುತ್ತೆ ಅಂತ ನೋಡಿಲ್ಲ. ಎರಡನೇ ಕಾಪಿ ಇಟ್ಕೊಳ್ತೀನಿ, ಅದು ನನ್ನ ಹೊಣೆ. ಅಸಲಿ ಲೆಕ್ಕ ಮಾತ್ರ ಇಲ್ಲಿ ಬೇಡ, ಅದರ ಹೊಣೆ ನನ್ನ ಕೈಲಾಗಲ್ಲ ಕಣೋ.'

ಸ್ವಲ್ಪ ಹೊತ್ತು ಸುಮ್ಮನಿದ್ದ. 'ಇಲ್ಲಿ ಪೇಟೇಲಿ ಕಂಪ್ಯೂಟರ್ ಅಂಗಡಿ ಹುಡುಗ ಒಬ್ಬ ಇದಾನೆ. ಕೇಳ್ದೆ. ಏನೂ ಯೋಚ್ನೆ ಮಾಡ್ಬೇಡಿ ಅಣ್ಣ, ನಾವಿದೀವಿ ಅಂತ ಒಂದೇ ಮಾತಲ್ಲಿ ಮುಗಿಸ್ದ. ನೀನು ಇಂಜಿನಿಯರ್ ಆಗಿ ಮೂರು ಹೇಳ್ತೀಯ' ಅಂದ. ಬೇಜಾರಾಗಿದೆ ಅಂತ ದನಿಯಲ್ಲೇ ಗೊತ್ತಾಯಿತು. ಸ್ನೇಹ ಅಂದ್ರೆ 'ನಾನಿದ್ದೀನಿ' ಅನ್ನೋದು ತಾನೇ? ನಮ್ಮ ಕಡೆ ಹಾಗೇ. ಹೊಣೆಯನ್ನು ಅಳೆದು ತೂಗಿ ಹೇಳೋನು ಪೇಟೆ ಸೇರಿ ಕೆಟ್ಟೋನು.

ನಾನು ಅವನ ಜೊತೆ ವಾದ ಮಾಡಲಿಲ್ಲ. 'ಆ ಹುಡುಗನ್ನ ಒಂದು ಕೇಳು, ಡಿಸ್ಕ್ ಹೋದ್ರೆ ಎಷ್ಟು ಹೊತ್ತಲ್ಲಿ, ಎಲ್ಲಿಂದ ವಾಪಸ್ ತಂದು ಕೊಡ್ತೀಯ ಅಂತ' ಅಂದೆ ಅಷ್ಟೆ.

ವಾರ ಬಿಟ್ಟು ಅವನೇ ಮಾಡಿದ. ಅಂಗಡಿ ಹುಡುಗನ ಹತ್ರಾನೇ ಹಾಕಿಸಿದ್ದಾನೆ. 'ಅವ್ನು ನೀನ್ ಹೇಳಿದ್ದಕ್ಕೆ ಸರಿಯಾಗಿ ಉತ್ರ ಕೊಡ್ಲಿಲ್ಲ ಕಣೋ' ಅಂದ.

'ಮತ್ತೆ ಯಾಕೆ ಹಾಕಿಸ್ದೆ?'

'ಕರೆದ್ರೆ ಹತ್ತು ನಿಮಿಷಕ್ಕೆ ಬರ್ತಾನಲ್ಲ. ನೀನು ಬೆಂಗ್ಳೂರಿಂದ ಬರ್ತೀಯಾ?' ಅಂದ. ಆಮೇಲೆ ಅದೇ ಉಸಿರಿನಲ್ಲಿ, 'ಆದ್ರೂ ಪ್ರತಿ ಶನಿವಾರ ಉದ್ರಿ ಲೆಕ್ಕ ಅಷ್ಟನ್ನೂ ಪ್ರಿಂಟ್ ತೆಗ್ದು ಬೀರೂಲಿ ಇಡ್ತಿದೀನಿ. ಒಂದು ಕಾಪಿ ನಿಂಗೂ ಕಳಿಸ್ಲಾ?'

ಕಳಿಸು ಅಂದೆ. ಶನಿವಾರ ರಾತ್ರಿ ಬರುತ್ತೆ. ತೆರೆದು ನೋಡಿ, ಕೊನೇ ಪುಟದ ಮೊತ್ತ ಅವನು ಹೇಳಿದ್ದಕ್ಕೆ ತಾಳೆ ಆಗುತ್ತಾ ನೋಡಿ, 'ನೋಡಿದೆ' ಅಂತ ಒಂದು ಮೆಸೇಜ್ ಹಾಕ್ತೀನಿ.